ವಾದ್ಯವನ್ನು ಪರಸ್ಥಳಕ್ಕೆ ಕಳಿಸುವವರಿಗೆ ನಾಲ್ಕು ಮಾತು

ಒಂದು ತಂಬೂರಿಯನ್ನು ಕೊಳ್ಳುವಾಗ ಗೃಹಸ್ಥನು ತಿಳಿದವರನ್ನು ಕೇಳುತ್ತಾನೆ. ತಂತಿಗಳನ್ನು ಮೀಟಿಸಿ ನೋಡುತ್ತಾನೆ. ಬೆಲೆಯನ್ನು ಚೌಕಾಶಿ ಮಾಡುತ್ತಾನೆ. ಅದೇ ತಂಬೂರಿಯನ್ನು ಕೊರಿಯರ್ ಕಂಪನಿಯವರ ಕೈಗೆ ಒಪ್ಪಿಸುವಾಗ ಮಾತ್ರ, ಅವರು ಮುಂದೆ ಹಿಡಿದ ಚೀಟಿಯನ್ನು ಓದದೆಯೇ ಸಹಿ ಮಾಡಿ ಮನೆಗೆ ಬರುತ್ತಾನೆ. ಕೊಳ್ಳುವಾಗ ಇದ್ದ ಎಚ್ಚರವು ಕಳಿಸುವಾಗ ಎಲ್ಲಿ ಹೋಗುವುದೋ ತಿಳಿಯದು. ವಾದ್ಯವು ಸುರಕ್ಷಿತವಾಗಿ ಮುಟ್ಟಿದರೆ ಚಿಂತೆಯಿಲ್ಲ. ಒಡೆದು ಮುಟ್ಟಿದರೆ, ಓದದೆ ಸಹಿ ಮಾಡಿದ ಆ ಚೀಟಿಯೇ ನ್ಯಾಯಾಧೀಶನಂತೆ ಎದುರು ನಿಲ್ಲುವುದು. ಈ ವಿಷಯದಲ್ಲಿ ಗೃಹಸ್ಥರು ಅವಶ್ಯವಾಗಿ ತಿಳಿದಿರತಕ್ಕ ಕೆಲವು ಸಂಗತಿಗಳನ್ನು ಇಲ್ಲಿ ವಿವರಿಸಬೇಕೆಂದು ನಾವು ಉದ್ದೇಶಿಸಿದ್ದೇವೆ.

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ವಾಚಕರಿಗೆ ಇದು ದೂರದ ವಿಷಯವಲ್ಲ. ಶ್ರೀಕೃಷ್ಣ ಪಾರಿಜಾತದ ಆಟಕ್ಕೆ ಪ್ರಸಿದ್ಧಿಯನ್ನು ತಂದ ಕುಲಗೋಡ ತಮ್ಮಣ್ಣನ ಊರು ಈಗ ಮೂಡಲಗಿ ತಾಲೂಕಿನಲ್ಲಿರುವುದು. ಅದೇ ಆಟದಲ್ಲಿ ಮೆರೆದ ಕೌಜಲಗಿ ನಿಂಗಮ್ಮನ ಊರೂ ಗೋಕಾಕ ಸೀಮೆಯದೇ. ಹಾರ್ಮೋನಿಯಂ, ತಬಲಾ, ತಾಳಗಳಿಲ್ಲದೆ ಪಾರಿಜಾತವಿಲ್ಲ. ಏಕತಾರಿಯಿಲ್ಲದೆ ತತ್ತ್ವಪದದ ಮೇಳವಿಲ್ಲ. ಮಕ್ಕಳಿಗೆ ಹಿಂದೂಸ್ತಾನಿ ಸಂಗೀತವನ್ನು ಕಲಿಸುವ ಮನೆಗಳಲ್ಲಿ ತಂಬೂರಿಯೋ ಸಿತಾರವೋ ಒಂದಾದರೂ ಇರುವುದು. ಇವುಗಳಲ್ಲಿ ತಂತಿವಾದ್ಯಗಳ ತವರೂರಾದ ಮಿರಜವು ನಮಗೆ ನೆರೆಯಲ್ಲಿಯೇ ಇರುವುದು. ಬೆಳಗಾವಿಯಿಂದ ಮಿರಜಕ್ಕೆ ಹೋಗುವ ರೈಲುಮಾರ್ಗದಲ್ಲಿಯೇ ಗೋಕಾಕ ರೋಡ, ಘಟಪ್ರಭಾ ಸ್ಟೇಶನ್ನುಗಳಿರುವವು. ಹುಕ್ಕೇರಿ ತಾಲೂಕಿನ ಸಂಕೇಶ್ವರದ ಮೇಲೆ ಪುಣೆ-ಬೆಂಗಳೂರು ಹೆದ್ದಾರಿಯು ಹಾಯ್ದುಹೋಗುವುದು. ಆದುದರಿಂದ ವಾದ್ಯವು ಮಿರಜದಿಂದ ಇಲ್ಲಿಗೆ ಬರುವುದೂ, ಇಲ್ಲಿಂದ ದುರಸ್ತಿಗೆಂದು ಅಲ್ಲಿಗೆ ಹೋಗುವುದೂ, ಪುಣೆ ಬೆಂಗಳೂರುಗಳಲ್ಲಿ ನೆಲಸಿದ ಮಗನಿಗೋ ಮಗಳಿಗೋ ಕಳಿಸಲ್ಪಡುವುದೂ ಸಹಜವಾದ ವ್ಯವಹಾರವು.

ವಾದ್ಯದ ಪ್ರಕೃತಿ

ಮಿರಜದಲ್ಲಿ ಈ ಕಸಬು ಹತ್ತೊಂಬತ್ತನೆಯ ಶತಮಾನದಲ್ಲಿ ನೆಲೆಗೊಂಡಿತು. ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು ಪಟವರ್ಧನ ಸಂಸ್ಥಾನಿಕರ ಆಶ್ರಯದಲ್ಲಿ ತಂತಿವಾದ್ಯಗಳನ್ನು ಮಾಡತೊಡಗಿದರು. ಫರೀದಸಾಹೇಬರ ಹೆಸರು ಈ ಪರಂಪರೆಯ ಮೊದಲಲ್ಲಿ ಕೇಳಬರುವುದು. ಮಿರಜದಲ್ಲಿ ನೆಲಸಿದ್ದ ಗಾಯನಾಚಾರ್ಯ ಅಬ್ದುಲ್ ಕರೀಮಖಾನರು ಸ್ವತಃ ವಾದ್ಯಗಳನ್ನು ದುರಸ್ತಿ ಮಾಡುವುದರಲ್ಲಿ ನಿಪುಣರಾಗಿದ್ದರು. ೨೦೨೪ರಲ್ಲಿ ಮಿರಜದ ಸಿತಾರಕ್ಕೂ ತಂಬೂರಿಗೂ ಭೌಗೋಳಿಕ ಗುರುತಿನ ಮಾನ್ಯತೆಯು ದೊರೆಯಿತು.

ಈ ವಾದ್ಯಗಳ ದೇಹವನ್ನು ಅರಿಯದೆ ಅವುಗಳ ಪ್ರವಾಸದ ಅಪಾಯವನ್ನು ಅರಿಯಲಾಗದು. ಕೆಳಗಿನ ಬುರುಡೆಯು ಪಂಢರಪುರದ ಕಡೆಯ ಹೊಲಗಳಲ್ಲಿ ಬೆಳೆದು ಒಣಗಿದ ಕಹಿಗುಂಬಳದ್ದು. ಅದು ಒಳಗೆ ಪೊಳ್ಳು, ಗೋಡೆಯು ತೆಳ್ಳಗಿನದು. ಹೊರಗಿನಿಂದ ಹೊಳಪಾಗಿ ಗಟ್ಟಿಯಾಗಿ ಕಂಡರೂ ಒಂದೇ ಪೆಟ್ಟಿಗೆ ಸೀಳುವುದು. ಅದಕ್ಕೆ ಉದ್ದವಾದ ದಂಡಿಯನ್ನು ಕೂಡಿಸಿದ ಸಂದಿಯೇ ಎಲ್ಲಕ್ಕೂ ದುರ್ಬಲವಾದ ಸ್ಥಾನವು. ಪೆಟ್ಟಿಗೆಯು ಒಂದು ತುದಿಯ ಮೇಲೆ ಬಿದ್ದಿತೆಂದರೆ ದಂಡಿಯ ಭಾರವೆಲ್ಲ ಆ ಸಂದಿಯ ಮೇಲೆ ಬೀಳುವುದು. ತಂತಿಗಳನ್ನು ಹೊತ್ತ ಕುದುರೆಯ ಮೇಲ್ಮೈಯನ್ನು ಕೂದಲೆಳೆಯಷ್ಟು ನಯಗೊಳಿಸಿ ಕಾರೀಗರನು ಜವಾರಿಯನ್ನು ಕೂಡಿಸಿರುತ್ತಾನೆ. ಝೇಂಕಾರವೆಂಬುದು ಅಲ್ಲಿಯೇ ಹುಟ್ಟುವುದು. ಗೋಕಾಕದ ಕರದಂಟಿನ ಡಬ್ಬಿಯು ದಾರಿಯಲ್ಲಿ ಹತ್ತು ಸಾರೆ ಬಿದ್ದರೂ ರುಚಿಯು ಕೆಡುವುದಿಲ್ಲ. ತಂಬೂರಿಯು ಒಂದು ಸಾರೆ ಬಿದ್ದರೆ ಸಾಕು, ನಾದವು ಕೆಡಬಹುದು.

ಒಯ್ಯುವವನ ಹೊಣೆ: ಅಂದು, ಇಂದು

ಪರರ ಮಾಲನ್ನು ಒಯ್ಯುವವನು ಅದಕ್ಕೆ ಎಷ್ಟರಮಟ್ಟಿಗೆ ಹೊಣೆಯೆಂಬ ಪ್ರಶ್ನೆಯು ಇಂದಿನದಲ್ಲ. ರಾಜನಿಂದಾಗಲಿ ದೈವದಿಂದಾಗಲಿ ಅಲ್ಲದೆ ಬೇರೆ ಕಾರಣದಿಂದ ಭಾಂಡವು ನಾಶವಾದರೆ, ಅದನ್ನು ವಾಹಕನೇ ತುಂಬಿಕೊಡತಕ್ಕದ್ದೆಂದು ಯಾಜ್ಞವಲ್ಕ್ಯಸ್ಮೃತಿಯು ವಿಧಿಸುತ್ತದೆ. ಆ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕರ್ನಾಟಕದ ಕಲ್ಯಾಣನಗರದಲ್ಲಿ, ಚಾಲುಕ್ಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನೆಂಬುದು ವಾಚಕರಿಗೆ ವಿದಿತವೇ ಇದೆ. ಭಾಂಡವೆಂದರೆ ಸರಕು, ಭರತನ ನಾಟ್ಯಶಾಸ್ತ್ರದಲ್ಲಿ ಅದೇ ಶಬ್ದವು ಮೃದಂಗಾದಿ ವಾದ್ಯಗಳಿಗೂ ಸಲ್ಲುವುದು. ನಮ್ಮ ಇಂದಿನ ವಿಷಯಕ್ಕೆ ಇದಕ್ಕಿಂತ ಒಪ್ಪುವ ಶಬ್ದವು ದೊರೆಯಲಾರದು.

ಇಂದಿನ ಕಾನೂನಿನ ಬುಡವೂ ಇದೇ ತತ್ತ್ವವು. ೧೮೬೫ರ ಹಳೆಯ ವಾಹಕರ ಕಾಯದೆಯನ್ನು ತೆಗೆದುಹಾಕಿ ೨೦೦೭ರಲ್ಲಿ ರಸ್ತೆ ಸಾಗಣೆಯ ಕಾಯದೆಯನ್ನು ಮಾಡಿದರು. ಅದು ೨೦೧೧ರಲ್ಲಿ ಜಾರಿಗೆ ಬಂದಿತು. ಮನೆಯಿಂದ ಮನೆಗೆ ಮಾಲನ್ನು ಮುಟ್ಟಿಸುವ ಕೊರಿಯರ್ ಸಂಸ್ಥೆಗಳನ್ನೂ ಅದು ವಾಹಕರೆಂದೇ ಎಣಿಸುವುದು. ದೈವಕೃತ ಉತ್ಪಾತ, ಯುದ್ಧ, ದಂಗೆ, ಸರಕಾರದ ಜಪ್ತಿ ಮೊದಲಾದ ಕಾರಣಗಳನ್ನು ಬಿಟ್ಟರೆ ಮಾಲಿನ ನಷ್ಟಕ್ಕೆ ವಾಹಕನು ಹೊಣೆ. ವಾಹಕನು ಅಲಕ್ಷ್ಯ ಮಾಡಿದನೆಂದು ಸಿದ್ಧಪಡಿಸುವ ಭಾರವೂ ಮಾಲಿನ ಧಣಿಯ ಮೇಲಿಲ್ಲ.

ಇಷ್ಟನ್ನು ಕೇಳಿ ಸಮಾಧಾನಪಡತಕ್ಕದ್ದಲ್ಲ. ಹೊಣೆಯುಂಟು, ಆದರೆ ಎಷ್ಟು ರೂಪಾಯಿಯ ಹೊಣೆ ಎಂಬಲ್ಲಿಯೇ ಗಂಟು ಇರುವುದು. ಕಳಿಸುವವನು ಹೆಚ್ಚಿನ ಅಪಾಯದ ದರವನ್ನು ಕೊಡಲು ಸ್ಪಷ್ಟವಾಗಿ ಒಪ್ಪದಿದ್ದರೆ, ವಾಹಕನ ಹೊಣೆಯು ಸಾಗಣೆಯ ಕೂಲಿಯ ಹತ್ತು ಪಟ್ಟಿಗೆ ನಿಂತುಹೋಗುವುದೆಂದು ೨೦೧೧ರ ನಿಯಮಗಳು ಹೇಳುತ್ತವೆ. ೪೫,೦೦೦ ರೂಪಾಯಿಯ ಸಿತಾರವೊಂದನ್ನು ೬೦೦ ರೂಪಾಯಿ ಕೂಲಿ ಕೊಟ್ಟು ಕಳಿಸಿದಿರೆಂದು ಎಣಿಸೋಣ. ಅದು ಪೂರ್ತಿ ಪುಡಿಯಾದರೂ ನಿಮ್ಮ ಕೈಗೆ ಬರಬಹುದಾದದ್ದು ಹೆಚ್ಚೆಂದರೆ ೬,೦೦೦ ರೂಪಾಯಿ. ಉಳಿದ ೩೯,೦೦೦ ರೂಪಾಯಿಗಳನ್ನು ನೀವು ನಿಮ್ಮ ಒಂದು ಸಹಿಯಿಂದಲೇ ಬಿಟ್ಟುಕೊಟ್ಟಂತಾಯಿತು.

ಸಹಿಯ ಬಲವನ್ನು ನಮ್ಮ ಸರ್ವೋಚ್ಚ ನ್ಯಾಯಾಲಯವೇ ೧೯೯೬ರಲ್ಲಿ ಎತ್ತಿತೋರಿಸಿತು. ಭಾರತಿ ನಿಟ್ಟಿಂಗ್ ಕಂಪನಿಯವರು ಡಿ. ಎಚ್. ಎಲ್. ಎಂಬ ಕೊರಿಯರ್ ಸಂಸ್ಥೆಯ ಮೂಲಕ ಜರ್ಮನಿಗೆ ಕಳಿಸಿದ ಕಾಗದಪತ್ರಗಳು ವೇಳೆಗೆ ಸರಿಯಾಗಿ ಮುಟ್ಟಲಿಲ್ಲ. ಕಂಪನಿಗೆ ದೊಡ್ಡ ಹಾನಿಯಾಯಿತು. ಆದರೆ ಸಹಿ ಮಾಡಿದ ಚೀಟಿಯಲ್ಲಿ ಹೊಣೆಯ ಮಿತಿಯು ನೂರು ಡಾಲರ್ ಎಂದು ಅಚ್ಚಾಗಿದ್ದುದರಿಂದ, ಅಷ್ಟೇ ಸಲ್ಲತಕ್ಕದ್ದೆಂದು ತೀರ್ಪಾಯಿತು. ಚೀಟಿಯ ಹಿಂಬದಿಯ ಸಣ್ಣ ಅಕ್ಷರಗಳನ್ನು ಕನ್ನಡಕ ಹಾಕಿಕೊಂಡಾದರೂ ಓದಿರೆಂದು ನಾವು ಹೇಳುವುದು ಇದಕ್ಕಾಗಿಯೇ.

ರೈಲಿನ ಮಾತೂ ಇದೇ ಬಗೆಯದು. ೧೯೮೯ರ ರೈಲ್ವೆ ಕಾಯದೆಯ ಮೇರೆಗೆ, ಬೆಲೆಯನ್ನು ಬರೆಸಿ ಅದಕ್ಕೆ ತಕ್ಕ ಶೇಕಡಾ ಆಕಾರವನ್ನು ತುಂಬದಿದ್ದರೆ ಪರಿಹಾರವನ್ನು ತೂಕದ ಮೇಲಿಂದ ಅಳೆಯುವರು. ೧೯೯೦ರ ನಿಯಮಗಳಲ್ಲಿ ಈ ದರವನ್ನು ಸಾಮಾನ್ಯ ಮಾಲಿಗೆ ಕಿಲೋ ಒಂದಕ್ಕೆ ೫೦ ರೂಪಾಯಿ, ಲಗೇಜಿಗೆ ೧೦೦ ರೂಪಾಯಿ ಎಂದು ಗೊತ್ತುಮಾಡಿದ್ದಾರೆ. ಪೆಟ್ಟಿಗೆಸಹಿತ ೧೨ ಕಿಲೋ ತೂಗುವ ತಂಬೂರಿಯನ್ನು ಮಾಲೆಂದು ಕಳಿಸಿದರೆ, ಈ ಲೆಕ್ಕದಿಂದ ಅದರ ಬೆಲೆಯು ೬೦೦ ರೂಪಾಯಿ! ನಾದವನ್ನು ತೂಗುವ ತಕ್ಕಡಿಯು ಯಾವ ಸ್ಟೇಶನ್ನಿನಲ್ಲಿಯೂ ಇಲ್ಲ. ಬೆಲೆಯನ್ನು ನೀವೇ ಬರೆಸಬೇಕು.

ಕೊಂಡ ಮಾಲು ದಾರಿಯಲ್ಲಿ ಯಾರದು?

ಮಿರಜದ ಕಾರೀಗರನಿಗೆ ಹಣ ಕಳಿಸಿ, ಸಿತಾರವನ್ನು ಗೋಕಾಕಕ್ಕೆ ಕಳಿಸೆಂದು ಹೇಳಿದ ಗೃಹಸ್ಥನು, ಅದು ಮನೆ ಮುಟ್ಟುವವರೆಗೆ ಮಾರಿದವನ ಹೊಣೆಯೇ ಎಂದು ನಂಬಿರುತ್ತಾನೆ. ೧೯೩೦ರ ಸರಕು ಮಾರಾಟದ ಕಾಯದೆಯು ಹಾಗೆ ಹೇಳುವುದಿಲ್ಲ. ಬೇರೆ ಕರಾರು ಇಲ್ಲದಿದ್ದರೆ, ಕೊಂಡವನ ಹೇಳಿಕೆಯಂತೆ ವಾಹಕನಿಗೆ ಒಪ್ಪಿಸಿದ ಮಾಲು ಕೊಂಡವನಿಗೆ ಮುಟ್ಟಿದಂತೆಯೇ ಎಂಬುದು ಅದರ ಸಾಮಾನ್ಯ ಸೂತ್ರವು. ಅಂದರೆ ದಾರಿಯ ಅಪಾಯವು ಸಾಮಾನ್ಯವಾಗಿ ಕೊಂಡವನ ಪಾಲಿಗೇ ಬರುವುದು. ಮಾರಿದವನು ವಾಹಕನೊಡನೆ ಯೋಗ್ಯವಾದ ಕರಾರು ಮಾಡತಕ್ಕದ್ದೆಂಬ ಕಟ್ಟು ಉಂಟು; ಆದರೆ ಅದನ್ನು ನೆಚ್ಚಿ ಕೂಡ್ರುವುದಕ್ಕಿಂತ, ಸುರಕ್ಷಿತವಾಗಿ ಮನೆಗೆ ಮುಟ್ಟಿಸುವ ಹೊಣೆಯು ಯಾರದು, ವಿಮೆಯನ್ನು ಯಾರು ಮಾಡಿಸುವರು ಎಂಬುದನ್ನು ಹಣ ಕೊಡುವ ಮೊದಲೇ ಎರಡು ಸಾಲಿನಲ್ಲಿ ಬರೆಸಿಕೊಳ್ಳುವುದು ಲೇಸು. ಸ್ನೇಹವು ಬರಹದಿಂದ ಕೆಡುವುದಿಲ್ಲ. ಬರಹವಿಲ್ಲದ ವ್ಯವಹಾರದಿಂದಲೇ ಅದು ಕೆಡುವುದು.

ವಿಮೆಯ ತಿರುಳು

ಕೊರಿಯರ್ ಕಚೇರಿಯಲ್ಲಿ ‘ಧಣಿಯ ಹೊಣೆ’, ‘ಕಂಪನಿಯ ಹೊಣೆ’ ಎಂದು ಎರಡು ಬಗೆಗಳಿರುವುದುಂಟು. ಮೊದಲನೆಯದು ಅಗ್ಗ, ಎರಡನೆಯದಕ್ಕೆ ಬೆಲೆಯ ಮೇಲೆ ಸ್ವಲ್ಪ ಹೆಚ್ಚಿನ ಆಕಾರವನ್ನು ತೆಗೆದುಕೊಳ್ಳುವರು. ಬೆಲೆಯುಳ್ಳ ವಾದ್ಯವನ್ನು ಧಣಿಯ ಹೊಣೆಯ ಮೇಲೆ ಎಂದೂ ಕಳಿಸಲಾಗದು. ಆದರೆ ಕಂಪನಿಯ ಹೊಣೆಯೂ ವಿಮೆಯೂ ಒಂದೇ ಅಲ್ಲವೆಂಬುದನ್ನು ಮರೆಯಕೂಡದು. ಅದು ವಾಹಕನು ಕೊಡುವ ವಚನವು. ವಿಮೆಯು ವಿಮಾ ಕಂಪನಿಯು ಪಾಲಿಸಿಯ ಮೂಲಕ ಕೊಡುವ ವಚನವು. ಸರಕಾರದ ಒಡೆತನದ ನ್ಯೂ ಇಂಡಿಯಾ, ಯುನೈಟೆಡ್ ಇಂಡಿಯಾ, ನ್ಯಾಶನಲ್, ಓರಿಯೆಂಟಲ್ ಕಂಪನಿಗಳೂ ಅನೇಕ ಖಾಸಗಿ ಕಂಪನಿಗಳೂ ಸಾಗಣೆಯ ವಿಮೆಯ ವ್ಯವಹಾರವನ್ನು ಮಾಡುತ್ತವೆ. ಒಂದೇ ಪ್ರವಾಸಕ್ಕೆ ಸಲ್ಲುವ ಪಾಲಿಸಿಯನ್ನು ಕೇಳಬೇಕು.

ಒಳನಾಡಿನ ಸಾಗಣೆಯ ವಿಮೆಯಲ್ಲಿ ಎ, ಬಿ, ಸಿ ಎಂಬ ಮೂರು ತರದ ಕಲಮುಗಳಿರುವವು. ಸಿ ಎಂಬುದರಲ್ಲಿ ಬೆಂಕಿ ಸಿಡಿಲುಗಳಿಗೆ ಮಾತ್ರ ರಕ್ಷಣೆ. ಬಿ ಎಂಬುದರಲ್ಲಿ ವಾಹನದ ಡಿಕ್ಕಿ, ಉರುಳುವಿಕೆ, ರೈಲು ಹಳಿ ತಪ್ಪುವಿಕೆ ಮೊದಲಾದವು ಕೂಡುವವು. ಆದರೆ ಹಮಾಲನ ಕೈಜಾರಿ ಪೆಟ್ಟಿಗೆಯು ಬಿದ್ದರೆ, ಅಥವಾ ಅದರ ಮೇಲೆ ಭಾರವಾದ ಗಂಟನ್ನು ಹೇರಿದರೆ, ಈ ಎರಡೂ ನೆರವಿಗೆ ಬಾರವು. ವಾದ್ಯಗಳಿಗಿರುವ ಅಪಾಯವು ಬಹುಮಟ್ಟಿಗೆ ಈ ತರದ್ದೇ. ಅದಕ್ಕೆ ಸಮಸ್ತ ಅಪಾಯಗಳನ್ನು ಒಳಗೊಂಡ ಎ ಕಲಮೇ ಬೇಕು. ಕಡಿಮೆ ಕಂತಿನ ಆಸೆಗೆ ಸಿ ಕಲಮನ್ನು ತೆಗೆದುಕೊಂಡು ‘ವಿಮೆಯಿದೆ’ ಎಂದು ನಿಶ್ಚಿಂತರಾದವರು ಛತ್ರಿಯ ಕಡ್ಡಿಯನ್ನು ಹಿಡಿದು ಮಳೆಗೆ ಹೊರಟವರಂತೆಯೇ ಸರಿ.

ಎ ಕಲಮಿಗೂ ಹೊರತಾದ ಸಂಗತಿಗಳುಂಟು. ಕಟ್ಟುವಿಕೆಯು ಸಾಲದಿದ್ದುದರಿಂದ ಆದ ಹಾನಿ, ವಿಲಂಬದಿಂದ ಆದ ಹಾನಿ, ಸಹಜವಾದ ಸವೆತ, ಮತ್ತು ವಸ್ತುವಿನ ಒಳಗೇ ಇರುವ ಸ್ವಭಾವದೋಷ ಇವುಗಳಿಗೆ ಹಣವು ಬಾರದು. ೧೯೬೩ರ ಸಾಗರ ವಿಮೆಯ ಕಾಯದೆಯೂ ಸ್ವಭಾವದೋಷವನ್ನು ಹೊರಗಿಟ್ಟಿದೆ. ಒಣಗುವ ಕಟ್ಟಿಗೆ, ಹಿಂದೆಯೇ ಸೀಳಿದ್ದ ಬುರುಡೆ, ತೇವಕ್ಕೆ ಸಡಿಲಾದ ತಬಲಾದ ಚರ್ಮ, ಇವುಗಳ ಕಾರಣವನ್ನು ಮುಂದೊಡ್ಡಿ ಹಕ್ಕನ್ನು ನಿರಾಕರಿಸುವುದಕ್ಕೆ ಅವಕಾಶವಿರುವುದು. ಹಳೆಯ ಬಿರುಕೊಂದಿದ್ದರೆ ಅದನ್ನು ಮೊದಲೇ ತಿಳಿಸಿಬಿಡಬೇಕು. ವಿಮೆಯ ಕರಾರು ಪರಮ ಪ್ರಾಮಾಣಿಕತೆಯ ಮೇಲೆ ನಿಂತಿರುವುದು.

ಬೆಲೆಯನ್ನು ಬರೆಸುವಲ್ಲಿ ಎರಡು ತಪ್ಪುಗಳು ನಡೆಯುವವು. ಕಂತನ್ನು ಉಳಿಸಲೆಂದು ೪೦,೦೦೦ ರೂಪಾಯಿಯ ವಾದ್ಯಕ್ಕೆ ೨೦,೦೦೦ ಎಂದು ಬರೆಸುವುದೊಂದು. ಆಗ ಅರ್ಧಕ್ಕೆ ಧಣಿಯೇ ತನ್ನ ವಿಮೆಗಾರನಾದಂತಾಗಿ, ೧೦,೦೦೦ ರೂಪಾಯಿಯ ಹಾನಿಯಾದಾಗ ೫,೦೦೦ ಮಾತ್ರ ದೊರೆಯುವ ಸಂಭವವುಂಟು. ಅಜ್ಜನ ಕಾಲದ ತಂಬೂರಿಗೆ ಮಮತೆಯಿಂದ ಲಕ್ಷಾಂತರ ಬೆಲೆಯನ್ನು ಕಟ್ಟುವುದು ಇನ್ನೊಂದು. ಮಮತೆಗೆ ವಿಮೆಯಿಲ್ಲ. ಹೊಸದಾದರೆ ಪಾವತಿಯನ್ನೂ, ಹಳೆಯದಾದರೆ ನುರಿತ ಕಾರೀಗರನು ಬರೆದುಕೊಟ್ಟ ಬೆಲೆಯ ಪತ್ರವನ್ನೂ ಇಟ್ಟುಕೊಂಡು, ಒಪ್ಪಿದ ಬೆಲೆಯು ಪಾಲಿಸಿಯಲ್ಲಿಯೇ ನಮೂದಾಗುವಂತೆ ಮಾಡಿಸುವುದು ಉತ್ತಮ ಮಾರ್ಗವು.

ಪೆಟ್ಟಿಗೆಯ ಕೆಲಸ

ಕಟ್ಟುವಿಕೆಯು ಸರಿಯಿಲ್ಲದಿದ್ದರೆ ವಿಮೆಯೂ ವ್ಯರ್ಥವೆಂದು ಮೇಲೆ ಹೇಳಿದೆವಷ್ಟೆ. ಮೊದಲು ತಂತಿಗಳನ್ನು ಕೆಲವು ಸ್ವರ ಇಳಿಸಬೇಕು. ಬಿಗಿದ ತಂತಿಯ ಸೆಳೆತವೂ ಹೊರಗಿನ ಪೆಟ್ಟೂ ಕೂಡಿದರೆ ಸಂದಿಯು ಬಿಡುವುದು. ಕುದುರೆಯ ಸುತ್ತಲೂ ಮೆತ್ತನೆಯ ಬಟ್ಟೆಯನ್ನಿಟ್ಟು ಅದು ಮೇಲ್ಹಲಗೆಯನ್ನು ಒತ್ತದಂತೆ ಮಾಡಬೇಕು. ಸಿತಾರಕ್ಕೆ ಮೇಲಿನ ಬುರುಡೆಯಿದ್ದರೆ ಬಿಚ್ಚಿ ಬೇರೆಯಾಗಿ ಸುತ್ತಬೇಕು. ಬಿರಡೆಗಳಿಗೆ ಯಾವುದೂ ತಾಗದಂತೆ ಸುತ್ತಲೂ ತೆರವಿರಬೇಕು. ಬಳಿಕ ವಾದ್ಯವನ್ನು ಗಟ್ಟಿಯಾದ ಫೈಬರಿನ ಪೆಟ್ಟಿಗೆಯಲ್ಲಿಟ್ಟು, ಅದನ್ನು ಪ್ಲೈವುಡ್ಡಿನ ಎರಡನೆಯ ಪೆಟ್ಟಿಗೆಯಲ್ಲಿಡಬೇಕು. ಎರಡರ ನಡುವೆ ನಾಲ್ಕೂ ಕಡೆ ಫೋಮ್ ತುಂಬಬೇಕು. ನಮ್ಮ ಮನೆಗಳ ಹಳೆಯ ಕೌದಿಯೂ ಈ ಕೆಲಸಕ್ಕೆ ಒದಗುವುದು. ದಂಡಿಗೆ ಉದ್ದಕ್ಕೂ ಆಸರೆಯಿರಬೇಕು. ಬುರುಡೆಯ ಮೇಲೆ ಭಾರವು ಬೀಳಬಾರದು. ಮುಚ್ಚಿದ ಪೆಟ್ಟಿಗೆಯನ್ನು ಮೆಲ್ಲನೆ ಅಲುಗಿಸಿದಾಗ ಒಳಗೆ ಏನೂ ಸರಿದಾಡದಿದ್ದರೆ ಕೆಲಸವು ಮುಗಿದಂತೆ. ಹಾರ್ಮೋನಿಯಮ್ಮಿನ ತಿದಿಯನ್ನು ಮುಚ್ಚಿ ಕೊಕ್ಕೆಗಳನ್ನು ಹಾಕಿ, ಮನೆಗಳ ಮೇಲೆ ಬಟ್ಟೆಯನ್ನಿಟ್ಟು, ಸ್ವಾಭಾವಿಕವಾಗಿ ಕೂಡ್ರುವಂತೆಯೇ ಇಟ್ಟು ಕಟ್ಟತಕ್ಕದ್ದು.

ಕೂಲಿಯ ಲೆಕ್ಕವನ್ನೂ ಮೊದಲೇ ತಿಳಿದಿರಬೇಕು. ಹಗುರವಾದರೂ ಹೆಚ್ಚು ಜಾಗವನ್ನು ಹಿಡಿಯುವ ಮಾಲಿಗೆ ಕಂಪನಿಗಳು ಗಾತ್ರದಿಂದ ತೂಕವನ್ನು ಕಟ್ಟುತ್ತವೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ ೫,೦೦೦ದಿಂದ ಭಾಗಿಸುವುದು ಬಹುವಾಗಿ ರೂಢಿಯಲ್ಲಿರುವ ರೀತಿ. ೧೪೦, ೫೦, ೪೦ ಅಳತೆಯ ಪೆಟ್ಟಿಗೆಯು ನಿಜವಾಗಿ ೧೫ ಕಿಲೋ ತೂಗಿದರೂ ಲೆಕ್ಕದಲ್ಲಿ ೫೬ ಕಿಲೋ ಆಗುವುದು. ಆದರೂ ಕೂಲಿಯನ್ನು ಕುಗ್ಗಿಸಲೆಂದು ಪೆಟ್ಟಿಗೆಯನ್ನು ಕುಗ್ಗಿಸಬಾರದು.

ಕಟ್ಟುವ ಪ್ರತಿಯೊಂದು ಹಂತದಲ್ಲಿಯೂ ಮೊಬೈಲಿನಿಂದ ಚಿತ್ರಗಳನ್ನು ತೆಗೆದಿಡಬೇಕು. ತಂತಿಗಳನ್ನು ಇಳಿಸುವ ಮುನ್ನ ವಾದ್ಯವನ್ನು ನುಡಿಸಿ ಅದರ ಧ್ವನಿಯನ್ನೂ ಮುದ್ರಿಸಿಟ್ಟರೆ ಮತ್ತೂ ಒಳ್ಳೆಯದು.

ಮಾಲು ಬಂದಾಗ

ಪೆಟ್ಟಿಗೆಯು ಬಾಗಿಲಿಗೆ ಬಂದಾಗ ತಂದವನ ಎದುರಿಗೇ ಅದರ ಮೂಲೆಗಳನ್ನು ನೋಡಬೇಕು. ಜಜ್ಜಿದ್ದರೆ, ಒಡೆದಿದ್ದರೆ, ‘ಪೆಟ್ಟಿಗೆಯು ಒಡೆದು ಬಂದಿದೆ’ ಎಂದು ರಸೀತಿಯ ಮೇಲೆ ಬರೆದೇ ಸಹಿ ಮಾಡಬೇಕು. ‘ಸುಸ್ಥಿತಿಯಲ್ಲಿ ಮುಟ್ಟಿತು’ ಎಂದು ಸಹಿ ಕೊಟ್ಟ ಮೇಲೆ ವಾದವು ದುರ್ಬಲವಾಗುವುದು. ಬಿಚ್ಚುವಾಗ ಪುನಃ ಚಿತ್ರಗಳನ್ನು ತೆಗೆಯಬೇಕು. ಪೆಟ್ಟಿಗೆ, ಫೋಮ್ ಯಾವುದನ್ನೂ ಎಸೆಯಬಾರದು. ವಿಮಾ ಕಂಪನಿಗೆ ಅದೇ ದಿನ ಲಿಖಿತವಾಗಿ ತಿಳಿಸಬೇಕು. ಅವರ ಪರೀಕ್ಷಕನು ನೋಡುವವರೆಗೆ ದುರಸ್ತಿಗೆ ಕೈಹಾಕಬಾರದು.

ವಾಹಕನಿಗೂ ಬೇರೆಯಾಗಿ ನೋಟೀಸು ಕೊಡುವುದು ಅವಶ್ಯವು. ರಸ್ತೆಯ ಸಾಗಣೆಯಾದರೆ, ಮಾಲನ್ನು ಬುಕ್ ಮಾಡಿದ ದಿನದಿಂದ ೧೮೦ ದಿನಗಳೊಳಗೆ ಲಿಖಿತ ನೋಟೀಸು ಮುಟ್ಟದಿದ್ದರೆ ದಾವೆಯು ನಿಲ್ಲುವುದಿಲ್ಲ. ರೈಲಿಗಾದರೆ ಅವಧಿಯು ಆರು ತಿಂಗಳು. ವಿಮಾ ಕಂಪನಿಯು ನಿಮಗೆ ಹಣ ಕೊಟ್ಟ ಮೇಲೆ ನಿಮ್ಮ ಸ್ಥಾನದಲ್ಲಿ ನಿಂತು ವಾಹಕನಿಂದ ವಸೂಲು ಮಾಡುವುದು. ನೀವು ನೋಟೀಸು ಕೊಡದೆ ಆ ಹಕ್ಕನ್ನು ಕೆಡಿಸಿದರೆ ನಿಮ್ಮ ಹಣಕ್ಕೂ ಅಡ್ಡಿ ಬರಬಹುದು.

ವಿಮಾ ಕಂಪನಿಯು ಅನ್ಯಾಯವಾಗಿ ನಿರಾಕರಿಸಿದರೆ, ಸ್ವಂತಕ್ಕಾಗಿ ಮಾಡಿಸಿದ ವಿಮೆಯ ತಕರಾರನ್ನು ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ನರ ಮುಂದೆ ಶುಲ್ಕವಿಲ್ಲದೆ ಇಡಬಹುದು. ಬೆಳಗಾವಿಯ ಜಿಲ್ಲಾ ಗ್ರಾಹಕ ಆಯೋಗದ ಬಾಗಿಲೂ ತೆರೆದಿದೆ. ಅಲ್ಲಿ ಎರಡು ವರ್ಷಗಳೊಳಗೆ ದೂರು ಸಲ್ಲತಕ್ಕದ್ದು.

ಪರದೇಶದಲ್ಲಿರುವ ಮಕ್ಕಳಿಗೆ ವಾದ್ಯವನ್ನು ಕಳಿಸುವವರಿಗೆ ಒಂದು ಮಾತು. ಹಳೆಯ ವಾದ್ಯಗಳ ಅಲಂಕಾರದಲ್ಲಿ ಆನೆಯ ದಂತವೂ ಕುದುರೆಯಲ್ಲಿ ಜಿಂಕೆಯ ಕೊಂಬೂ ಇರುವುದುಂಟು. ವನ್ಯಜೀವಿ ರಕ್ಷಣೆಯ ಕಾಯದೆಯು ಇವುಗಳ ವಿಷಯದಲ್ಲಿ ಬಹು ಕಠಿಣವಾದುದು. ಬೀಟೆಯ ಕಟ್ಟಿಗೆಯ ವಿಷಯದಲ್ಲಿಯೂ ರಾಷ್ಟ್ರಾಂತರದ ಕಟ್ಟಳೆಗಳುಂಟು. ವಿಚಾರಿಸದೆ ಕಳಿಸಲಾಗದು.

ಇಷ್ಟೆಲ್ಲವನ್ನು ಹೇಳಿದ ಮೇಲೂ ಒಂದು ಮಾತು ಉಳಿಯುವುದು. ವಿಮೆಯು ಹಣವನ್ನು ಕೊಡಬಲ್ಲದು. ಮೂವತ್ತು ವರ್ಷ ಒಂದೇ ಮನೆಯಲ್ಲಿ ನುಡಿದು ಪಳಗಿದ ನಾದವನ್ನು ಕೊಡಲಾರದು. ಘಟಪ್ರಭಾದಲ್ಲಿ ರೈಲು ಹತ್ತಿದರೆ ಮಿರಜವು ಕೆಲವೇ ತಾಸುಗಳ ದಾರಿ. ಅಷ್ಟು ಸಮೀಪಕ್ಕೆ ಹೋಗತಕ್ಕ ಹಳೆಯ ವಾದ್ಯವನ್ನು ಮನೆಯವರೊಬ್ಬರು ಮಗುವಿನಂತೆ ಪಕ್ಕದಲ್ಲಿಟ್ಟುಕೊಂಡು ಒಯ್ಯುವುದೇ ಮೇಲು. ಒಯ್ಯಲಾರದಷ್ಟು ದೂರವಾದರೆ, ಬೆಲೆಯನ್ನು ಪೂರ್ಣವಾಗಿ ಬರೆಸಿ, ಎ ಕಲಮಿನ ವಿಮೆಯನ್ನು ಮಾಡಿಸಿ, ಎರಡು ಪೆಟ್ಟಿಗೆಗಳಲ್ಲಿಟ್ಟು, ಚೀಟಿಯನ್ನು ಓದಿ ಸಹಿ ಮಾಡಿರಿ. ಇದಕ್ಕೆ ತಗಲುವ ವೇಳೆಯು ಒಂದು ಮಧ್ಯಾಹ್ನ. ತಗಲುವ ಹೆಚ್ಚಿನ ವೆಚ್ಚವು ವಾದ್ಯದ ಬೆಲೆಯ ಒಂದು ಸಣ್ಣ ಅಂಶವು.